ಕುರ್ಚಿಯ ಹತ್ತಿರದ ಸೈತಾನ: ಬ್ಲ್ಯಾಕ್ ಸಬ್ಬತ್ ನಿಜವಾಗಿ ಹಾಡಿದ್ದೇನು?

ಬ್ಲ್ಯಾಕ್ ಸಬ್ಬತ್ ಅನ್ನುವ ರಾಕ್ ಬ್ಯಾಂಡಿನ ಹೆಸರು ಕೇಳಿದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕಪ್ಪು ಬಟ್ಟೆ, ಹೆಗಲಿಗೆ ಬಿದ್ದ ಕೂದಲು, ಎದೆಯ ಮೇಲೆ ದೊಡ್ಡ ಶಿಲುಬೆ, ಕಿವಿ ಗುಂಯ್ ಅನ್ನಿಸುವ ಗಿಟಾರ್. ಜೊತೆಗೆ ಸೈತಾನ. ನಮ್ಮ ಬೆಂಗಳೂರಿನಲ್ಲಿ ಮೆಟಲ್, ಅಂದರೆ ಅಬ್ಬರದ ಭಾರೀ ರಾಕ್ ಸಂಗೀತ, ಕೇಳುವವರಿಗೇನೂ ಬರವಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬ್ಯಾಂಡುಗಳು ಅರಮನೆ ಮೈದಾನಕ್ಕೆ ಬಂದಾಗ ಸೇರಿದ ಕಪ್ಪು ಟೀ ಶರ್ಟುಗಳನ್ನು ಕಂಡವರಿಗೆ ಅದು ಗೊತ್ತು. ಆ ಸಂಗೀತದ ಬೇರು ಹುಡುಕುತ್ತಾ ಹಿಂದಕ್ಕೆ ಹೋದರೆ ಸಿಗುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ಕು ಹುಡುಗರು. ಅವರ ಗಿಟಾರ್ ಕೋಟ್ಯಂತರ ಜನ ಕೇಳಿದ್ದಾರೆ. ಅವರ ಮಾತು ಕೇಳಿಸಿಕೊಂಡವರು ಕಡಿಮೆ.

ನನಗೂ ಆ ಮಾತು ಕೇಳಿಸಿದ್ದು ತಡವಾಗಿಯೇ. ವರ್ಷಗಟ್ಟಲೆ ತಲೆ ಅಲ್ಲಾಡಿಸುತ್ತಾ ಕೇಳಿದ್ದ ಹಾಡಿನ ಸಾಹಿತ್ಯವನ್ನು ಒಂದು ದಿನ ಸುಮ್ನೆ ಕೂತು ಓದಿದೆ. ಯುದ್ಧ ಶುರು ಮಾಡುವವರು ಯಾರು, ಅದರಲ್ಲಿ ಸಾಯುವವರು ಯಾರು ಅಂತ ಆ ಹಾಡು ಕೇಳುತ್ತಿತ್ತು. ಸೈತಾನ ಅಲ್ಲಿದ್ದ, ನಿಜ. ಆದರೆ ಅವನ ಜಾಗ ಅಧಿಕಾರದ ಕುರ್ಚಿಯ ಹತ್ತಿರವಿತ್ತು. ಅಂದಿನಿಂದ ಈ ಬ್ಯಾಂಡಿನ ಮೊದಲ ಕೆಲವು ಆಲ್ಬಂಗಳನ್ನು ನಾನು ಬೇರೆಯೇ ಕಿವಿಯಿಂದ ಕೇಳುತ್ತಿದ್ದೇನೆ.

ಮೊದಲು ಅವರ ಊರಿನಿಂದ ಶುರು ಮಾಡೋಣ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಅನ್ನುವ ಬಡಾವಣೆ ಅದು. ಸುತ್ತಲೂ ಫ್ಯಾಕ್ಟರಿಗಳು, ಒಂದಕ್ಕೊಂದು ಅಂಟಿಕೊಂಡ ಸಣ್ಣ ಇಟ್ಟಿಗೆ ಮನೆಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಈ ನಗರದ ಮೇಲೆ ಬಾಂಬ್ ಹಾಕಿದ್ದವು. 2,000ಕ್ಕೂ ಹೆಚ್ಚು ಜನ ಸತ್ತಿದ್ದರು. ಗಿಟಾರಿನ ಟೋನಿ ಅಯೋಮಿ, ಡ್ರಮ್ಸಿನ ಬಿಲ್ ವಾರ್ಡ್, ಗಾಯಕ ಓಜಿ ಆಸ್ಬೋರ್ನ್ ಮೂವರೂ 1948ರಲ್ಲಿ ಹುಟ್ಟಿದವರು, ಬೇಸ್ ಗಿಟಾರಿನ ಗೀಜರ್ ಬಟ್ಲರ್ 1949ರಲ್ಲಿ. ಯುದ್ಧ ಮುಗಿದಿತ್ತು. ಆದರೆ ಬಾಂಬ್ ಬಿದ್ದು ಪಾಳುಬಿದ್ದ ಜಾಗಗಳು ಹಾಗೇ ಇದ್ದವು. ಆ ಕಾಲದ ಮಕ್ಕಳಿಗೆ ಅವೇ ಆಟದ ಬಯಲು.

ಓಜಿಯ ಅಪ್ಪ, ಅಮ್ಮ ಇಬ್ಬರೂ ಫ್ಯಾಕ್ಟರಿ ಕೆಲಸದವರು. ಅವನಿಗೆ ಓದುವುದೇ ಕಷ್ಟ. ಅಕ್ಷರಗಳು ಕಲಸಿಹೋದಂತೆ ಕಾಣುವ ಡಿಸ್ಲೆಕ್ಸಿಯಾ ಇತ್ತು. 15ಕ್ಕೆ ಶಾಲೆ ಬಿಟ್ಟ. ಕಾರಿನ ಹಾರ್ನ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡಿದ, ಕಸಾಯಿಖಾನೆಯಲ್ಲಿ ಮಾಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ದಂಡ ಕಟ್ಟಲು ದುಡ್ಡಿರಲಿಲ್ಲ. ಕಟ್ಟುವುದಿಲ್ಲ ಎಂದು ಅಪ್ಪನೂ ಹಟ ಹಿಡಿದ. ಹಾಗಾಗಿ ಕೆಲವು ವಾರ ಜೈಲಿನಲ್ಲೂ ಇದ್ದು ಬಂದ. ಗೀಜರ್‌ನದು ಡಬ್ಲಿನ್ನಿನಿಂದ ವಲಸೆ ಬಂದ ಐರಿಷ್ ಕ್ಯಾಥೊಲಿಕ್ ಕುಟುಂಬ. ಏಳು ಮಕ್ಕಳಲ್ಲಿ ಇವನೇ ಕೊನೆಯವನು. ಪುಸ್ತಕದ ಹುಚ್ಚು ಇದ್ದ ಹುಡುಗ. ಬ್ಯಾಂಡಿನ ಹೆಚ್ಚಿನ ಹಾಡುಗಳ ಸಾಹಿತ್ಯ ಬರೆದದ್ದು ಇವನೇ.

ಟೋನಿಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವನು ತಗಡಿನ ಕೆಲಸದ ಫ್ಯಾಕ್ಟರಿಯಲ್ಲಿದ್ದ. ವಯಸ್ಸು 17. ಗಿಟಾರ್ ನುಡಿಸಿಯೇ ಬದುಕುತ್ತೇನೆ ಎಂದು ಕೆಲಸ ಬಿಡಲು ತೀರ್ಮಾನಿಸಿದ್ದ. ಕೆಲಸದ ಕೊನೆಯ ದಿನ ತಗಡು ಒತ್ತುವ ಯಂತ್ರಕ್ಕೆ ಬಲಗೈ ಸಿಕ್ಕಿತು. ಕೈ ಎಳೆದುಕೊಂಡಾಗ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಹೋಗಿದ್ದವು. ಟೋನಿ ಎಡಚ. ಅಂದರೆ ತಂತಿ ಒತ್ತಲು ಬೇಕಾದ ಬೆರಳುಗಳೇ ಅವು. ಇನ್ನು ಗಿಟಾರ್ ಕನಸು ಮುಗಿಯಿತು ಅಂದುಕೊಂಡ. ಆಗ ಫ್ಯಾಕ್ಟರಿಯ ಮ್ಯಾನೇಜರ್ ಒಬ್ಬರು ಮನೆಗೆ ಬಂದು ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರು. ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟು, ಎರಡು ಬೆರಳುಗಳಲ್ಲೇ ಗಿಟಾರ್ ನುಡಿಸಿ ಹೆಸರು ಮಾಡಿದ ಕಲಾವಿದ ಅವನು.

ಟೋನಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಎರಡು ಟೋಪಿ ಮಾಡಿಕೊಂಡ. ತಂತಿಯ ಮೇಲೆ ಜಾರಬಾರದೆಂದು ಹಳೆಯ ಜಾಕೆಟ್ಟಿನ ಚರ್ಮ ಕತ್ತರಿಸಿ ಅದಕ್ಕೆ ಅಂಟಿಸಿದ. ಆದರೂ ದಪ್ಪ ತಂತಿ ಒತ್ತಿದರೆ ನೋವು. ಹಾಗಾಗಿ ತೆಳು ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. 1971ರ ಆಲ್ಬಂ ಹೊತ್ತಿಗೆ ಆ ಸದ್ದು ಭೂಮಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಇಂದು ಜಗತ್ತಿನ ಎಲ್ಲ ಮೆಟಲ್ ಬ್ಯಾಂಡುಗಳಲ್ಲಿ ಕೇಳುವ ಆ ಭಾರವಾದ ನಾದದಲ್ಲಿ ಒಂದು ಫ್ಯಾಕ್ಟರಿ ಅಪಘಾತದ ಪಾಲಿದೆ. ಸಾಹಿತ್ಯದಲ್ಲಿ ಏನೂ ಹೇಳದಿದ್ದರೂ ಈ ಸಂಗೀತ ಕೂಲಿಯವರ ಮೈಯ ಕತೆ ಹೇಳುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಸೈತಾನ ಎಲ್ಲಿಂದ ಬಂದ? ಹೆಸರಿನಿಂದ. ಅವರು ಅಭ್ಯಾಸ ಮಾಡುತ್ತಿದ್ದ ಜಾಗದ ಎದುರಿನ ಥಿಯೇಟರಿನಲ್ಲಿ ‘ಬ್ಲ್ಯಾಕ್ ಸಬ್ಬತ್’ ಅನ್ನುವ ದೆವ್ವದ ಸಿನಿಮಾ ಓಡುತ್ತಿತ್ತು. ಹೆದರಿಕೊಳ್ಳಲು ಜನ ದುಡ್ಡು ಕೊಟ್ಟು ಹೋಗುತ್ತಾರಲ್ಲ, ಹಾಗಾದರೆ ಹೆದರಿಸುವ ಸಂಗೀತ ಯಾಕೆ ಮಾಡಬಾರದು ಅಂದುಕೊಂಡರು. ಅದೇ ಹೆಸರಿನ ಹಾಡೂ ಬಂತು. ಅದನ್ನು ಗಮನವಿಟ್ಟು ಕೇಳಿ. ಕಪ್ಪು ಆಕೃತಿಯೊಂದು ಎದುರು ನಿಂತಿದೆ. ಹಾಡುವವನು ಗಡಗಡ ನಡುಗುತ್ತಾ ದೇವರೇ ಕಾಪಾಡು ಎಂದು ಕೂಗುತ್ತಾನೆ. ಇದು ಪೂಜೆಯ ಹಾಡಲ್ಲ, ಭಯದ ಹಾಡು.

ಮೊದಲ ಆಲ್ಬಂ ಬಿಡುಗಡೆಯಾಗಿದ್ದು 1970ರ ಫೆಬ್ರುವರಿ 13, ಶುಕ್ರವಾರ. ಅದರ ಒಳಪುಟದಲ್ಲಿ ತಲೆಕೆಳಗಾದ ಶಿಲುಬೆಯ ಚಿತ್ರವಿತ್ತು. ಅದನ್ನು ಹಾಕಿದ್ದು ರೆಕಾರ್ಡ್ ಕಂಪನಿಯ ಕಡೆಯವರು. ಹುಡುಗರಿಗೆ ಅದು ಗೊತ್ತೇ ಇರಲಿಲ್ಲ. ಅವರು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದ ಶಿಲುಬೆಗಳನ್ನು ಓಜಿಯ ಅಪ್ಪ ತನ್ನ ಕೈಯಾರೆ ಮಾಡಿಕೊಟ್ಟಿದ್ದ. ದುಷ್ಟಶಕ್ತಿ ಹತ್ತಿರ ಬರದಿರಲಿ ಅಂತ. ನಮ್ಮ ಮನೆಗಳಲ್ಲಿ ಮಗುವಿನ ಸೊಂಟಕ್ಕೆ ತಾಯತ ಕಟ್ಟುವುದಿಲ್ವಾ, ಅದೇ ಭಾವ. ನೋಡಿದವರು ಮಾತ್ರ ಉಲ್ಟಾ ಅರ್ಥ ಮಾಡಿಕೊಂಡರು.

ಈಗ ‘ವಾರ್ ಪಿಗ್ಸ್’ ಹಾಡಿಗೆ ಬರೋಣ. ಯುದ್ಧದ ಹಂದಿಗಳು ಅಂತ ಅರ್ಥ. 1970ರ ಸೆಪ್ಟೆಂಬರಿನಲ್ಲಿ ಬಂದ ‘ಪ್ಯಾರನಾಯ್ಡ್’ ಆಲ್ಬಂನ ಮೊದಲ ಹಾಡು. ಉದ್ದ ಹೆಚ್ಚುಕಡಿಮೆ 8 ನಿಮಿಷ. ಮೊದಲು ಇದರ ಹೆಸರು ‘ವಾಲ್‌ಪರ್ಗಿಸ್’ ಎಂದಿತ್ತು. ಮಾಟಗಾತಿಯರೆಲ್ಲ ಒಟ್ಟುಗೂಡುತ್ತಾರೆ ಎಂದು ಯುರೋಪಿನಲ್ಲಿ ನಂಬುವ ರಾತ್ರಿಯ ಹೆಸರು ಅದು. ಆ ಹೆಸರು ಬೇಡ ಅಂತ ರೆಕಾರ್ಡ್ ಕಂಪನಿ ಹೇಳಿತು. ಗೀಜರ್‌ನ ಯೋಚನೆ ಮಾತ್ರ ಮೊದಲಿನಿಂದಲೂ ಒಂದೇ ಆಗಿತ್ತು. ಯುದ್ಧ ಹೂಡುವವರೇ ನಿಜವಾದ ಸೈತಾನರು ಎಂದು ಅವನು ಮುಂದೆ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾನೆ.

ಹಾಡು ಶುರುವಾಗುವುದು ನಿಧಾನವಾಗಿ, ಗಾಣ ತಿರುಗಿದ ಹಾಗೆ. ಅದರ ಮೇಲೆ ವಿಮಾನ ದಾಳಿಯ ಸೈರನ್ ಕೂಗುತ್ತದೆ. ಈ ಸೈರನ್ ಸೇರಿಸಿದ್ದು ಬ್ಯಾಂಡಿನವರಲ್ಲ, ನಿರ್ಮಾಪಕ ರೋಜರ್ ಬೇನ್ ಕಡೆಯವರು. ಆದರೂ ಬರ್ಮಿಂಗ್‌ಹ್ಯಾಮಿನ ಅಪ್ಪ ಅಮ್ಮಂದಿರಿಗೆ ಆ ಸದ್ದು ಏನೆಂದು ಯಾರೂ ವಿವರಿಸಬೇಕಿರಲಿಲ್ಲ. ಆಮೇಲೆ ಎಲ್ಲ ವಾದ್ಯವೂ ನಿಂತುಬಿಡುತ್ತದೆ. ಬಿಲ್ ವಾರ್ಡ್‌ನ ಸಣ್ಣ ತಾಳ ಮಾತ್ರ ಗಡಿಯಾರದಂತೆ ಟಿಕ್ ಟಿಕ್ ಅನ್ನುತ್ತದೆ. ಗಿಟಾರ್ ಎರಡು ಏಟು ಹೊಡೆದು ಸುಮ್ಮನಾಗುತ್ತದೆ. ಆ ಖಾಲಿ ಜಾಗದಲ್ಲಿ ಓಜಿ ಹಾಡುತ್ತಾನೆ. ಅಲ್ಲಿ ಅವನ ಮಾತಿನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಮೊದಲ ಎರಡು ಸಾಲಿನಲ್ಲೇ ಸೇನಾಧಿಪತಿಗಳು ಗುಂಪಾಗಿ ಸೇರುತ್ತಾರೆ, ಮಾಟಗಾತಿಯರು ಕರಾಳ ಪೂಜೆಗೆ ಸೇರಿದ ಹಾಗೆ. ಇಂಗ್ಲಿಷಿನಲ್ಲಿ ‘ಮಾಸಸ್’ ಅನ್ನುವ ಒಂದೇ ಪದ ಎರಡೂ ಸಾಲಿನ ಕೊನೆಗೆ ಬರುತ್ತದೆ. ಒಂದು ಕಡೆ ಗುಂಪು ಅನ್ನುವ ಅರ್ಥ, ಇನ್ನೊಂದು ಕಡೆ ಚರ್ಚಿನ ಪೂಜೆ. ಪ್ರಾಸಕ್ಕೆ ಬೇರೆ ಪದ ಸಿಗಲಿಲ್ವಾ ಎಂದು ನಕ್ಕವರು ತುಂಬಾ ಜನ. ನಾವು ಶ್ಲೇಷೆ ಕೇಳಿ ಬೆಳೆದವರು. ಒಂದೇ ಪದದ ಎರಡು ಅರ್ಥ ಎದುರಾಬದುರು ನಿಂತಾಗ ಕವಿ ಏನೋ ಹೇಳುತ್ತಿದ್ದಾನೆ ಎಂದು ನಮಗೆ ಗೊತ್ತು. ಯುದ್ಧದ ನಕ್ಷೆ ಬಿಡಿಸುವ ಸಭೆ, ಬಲಿ ಕೊಡುವ ಪೂಜೆ ಎರಡೂ ಒಂದೇ ಅಂತ ಹೇಳಲು ಒಂದೇ ಪದ ಸಾಕಾಯಿತು.

ಮುಂದೆ ರಾಜಕಾರಣಿಗಳ ಸರದಿ. ಯುದ್ಧ ಶುರು ಮಾಡಿದವರು ಅವರೇ, ಆದರೆ ಹೋಗಿ ಕಾದಾಡುವ ಕೆಲಸವನ್ನು ಬಡವರಿಗೆ ಬಿಟ್ಟು ತಾವು ಅಡಗಿ ಕೂರುತ್ತಾರೆ ಅನ್ನುತ್ತದೆ ಹಾಡು. ಜನರನ್ನು ಚದುರಂಗದ ಕಾಲಾಳುಗಳ ಹಾಗೆ ಮುಂದೆ ತಳ್ಳುತ್ತಾರೆ. ಇದು ಬರೀ ಘೋಷಣೆ ಆಗಿರಲಿಲ್ಲ. ಆಗ ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ ಇತ್ತು. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರು ಅದನ್ನು ಮುಂದೂಡಿಸಿಕೊಳ್ಳಬಹುದಿತ್ತು. ಕಾಲೇಜಿಗೆ ದುಡ್ಡಿಲ್ಲದ ಮನೆಯ ಹುಡುಗ ವಿಯೆಟ್ನಾಂ ಯುದ್ಧಕ್ಕೆ ಹೋಗುತ್ತಿದ್ದ. ಬ್ರಿಟನ್ ಆ ಯುದ್ಧಕ್ಕೆ ಸೈನ್ಯ ಕಳಿಸಲಿಲ್ಲ. ಅಲ್ಲಿನ ಕಡ್ಡಾಯ ಸೇನಾ ಸೇವೆಯ ಕೊನೆಯ ತಂಡ 1963ರಲ್ಲೇ ಮನೆಗೆ ಮರಳಿತ್ತು. ಆದರೆ ಗೀಜರ್‌ನ ಅಣ್ಣಂದಿರು ಸೈನ್ಯದಲ್ಲಿ ಇದ್ದು ಬಂದವರು. ನಾಳೆ ತಮ್ಮ ದೇಶವನ್ನೂ ಇದರೊಳಗೆ ಎಳೆದರೆ ಮೊದಲು ಕರೆ ಬರುವುದು ತನ್ನಂಥವರಿಗೇ ಎಂಬ ಹೆದರಿಕೆ ಅವನಿಗೆ ಇತ್ತು.

ಈ ಹಾಡಿನಲ್ಲಿ ನನ್ನನ್ನು ಜಾಸ್ತಿ ಕಾಡುವುದು ಎರಡು ವಿಷಯ. ಒಂದು, ಇಲ್ಲಿ ಶತ್ರು ದೇಶವೇ ಇಲ್ಲ. ವಿಯೆಟ್ನಾಂ ಹೆಸರೂ ಇಲ್ಲ. ಸೈನಿಕನನ್ನೂ ಬೈಯುವುದಿಲ್ಲ. ಜಗಳ ಇರುವುದು ಮೇಲೆ ಕೂತವನಿಗೂ ಕೆಳಗೆ ಸಾಯುವವನಿಗೂ ನಡುವೆ. ಹಾಗಾಗಿಯೇ ಐವತ್ತು ವರ್ಷ ದಾಟಿದರೂ ಯಾವ ಯುದ್ಧದ ಪಕ್ಕದಲ್ಲಿಟ್ಟರೂ ಇದು ಹೊಂದುತ್ತದೆ. ಎರಡು, ಅದರ ಕೊನೆ. ಲೋಕ ಕತ್ತಲಾಗಿ, ಹೆಣಗಳು ಬೂದಿಯಾದ ಮೇಲೆ ದೇವರು ತೀರ್ಪಿಗೆ ಕರೆಯುತ್ತಾನೆ. ಯುದ್ಧದ ಹಂದಿಗಳು ಮೊಣಕಾಲೂರಿ ತೆವಳುತ್ತಾ ಕ್ಷಮೆ ಬೇಡುತ್ತವೆ. ಆಗ ಸೈತಾನ ನಗುತ್ತಾ ರೆಕ್ಕೆ ಬಿಚ್ಚುತ್ತಾನೆ. ಇಡೀ ಹಾಡಿನಲ್ಲಿ ಅವನು ಬರುವುದು ಆ ಒಂದೇ ಸಾಲಿನಲ್ಲಿ. ಅದೂ ತಪ್ಪು ಮಾಡಿದ ದೊಡ್ಡವರನ್ನು ಕರೆದುಕೊಂಡು ಹೋಗಲು. ಭಾನುವಾರ ಚರ್ಚಿನಲ್ಲಿ ಕೂತು ಪಾದ್ರಿಯ ಮಾತು ಕೇಳಿ ಬೆಳೆದ ಹುಡುಗ ಬರೆದ ಹಾಡು ಇದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಸತ್ತ ಬಡವರು ಮಾತ್ರ ಎದ್ದು ಬರುವುದಿಲ್ಲ. ಅವರಿಗೆ ಆ ತೀರ್ಪಿನಿಂದ ಏನೂ ಸಿಗುವುದಿಲ್ಲ. ಗೀಜರ್ ಅಂಥ ಸುಳ್ಳು ಸಮಾಧಾನ ಹೇಳುವುದಿಲ್ಲ.

ಆಲ್ಬಂಗೆ ‘ವಾರ್ ಪಿಗ್ಸ್’ ಅಂತಲೇ ಹೆಸರಿಡಬೇಕಿತ್ತು. ಅಷ್ಟರಲ್ಲಿ ಆಲ್ಬಂನಲ್ಲಿ ಜಾಗ ಉಳಿದಿದೆ ಎಂದು ಗಡಿಬಿಡಿಯಲ್ಲಿ ಮಾಡಿದ ‘ಪ್ಯಾರನಾಯ್ಡ್’ ಹಾಡು ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೇರಿತು. ಕಂಪನಿ ಆ ಹೆಸರನ್ನೇ ಇಟ್ಟಿತು. ಮುಖಪುಟದಲ್ಲಿ ಮಾತ್ರ ಕತ್ತಿ, ಗುರಾಣಿ ಹಿಡಿದ ಮನುಷ್ಯ ಹಾಗೇ ಉಳಿದುಕೊಂಡ. ಪ್ಯಾರನಾಯ್ಡ್ ಅಂದರೆ ಸುಮ್ಮಸುಮ್ಮನೆ ಅನುಮಾನಪಟ್ಟು ಹೆದರುವವನು, ಅದಕ್ಕೆ ಕತ್ತಿ ಯಾಕೆ ಅಂತ ತುಂಬಾ ಜನ ತಲೆ ಕೆಡಿಸಿಕೊಂಡಿದ್ದಾರೆ. ಅವನು ಕಳೆದುಹೋದ ಹೆಸರಿನ ಕುರುಹು.

ಆ ಸಣ್ಣ ಹಾಡೂ ಹಗುರದ್ದೇನಲ್ಲ. ಯಾವುದರಲ್ಲೂ ಖುಷಿ ಸಿಗದ ಒಬ್ಬನ ಮಾತು ಅದು. ಕೊನೆಗೆ ಕೇಳುಗನಿಗೆ ನೀನಾದರೂ ಬದುಕನ್ನು ಸವಿ, ನನಗೆ ಕಾಲ ಮೀರಿತು ಅನ್ನುತ್ತಾನೆ. ಗೀಜರ್‌ಗೆ ಖಿನ್ನತೆ ಇತ್ತು. ಅದು ಕಾಯಿಲೆ, ಅದಕ್ಕೆ ಔಷಧ ಇದೆ ಎಂದು ತಿಳಿಯಲು ಅವನಿಗೆ ಎಷ್ಟೋ ವರ್ಷ ಬೇಕಾಯಿತು. ಫ್ಯಾಕ್ಟರಿಯವರ ಬೀದಿಯಲ್ಲಿ 1970ರ ಹೊತ್ತಿಗೆ ಗಂಡಸೊಬ್ಬ ಮನಸ್ಸು ಸರಿಯಿಲ್ಲ ಎಂದು ಹೇಳಿಕೊಳ್ಳಲು ಎಲ್ಲಿ ಜಾಗವಿತ್ತು?

ಅದೇ ಆಲ್ಬಂನಲ್ಲಿ ‘ಹ್ಯಾಂಡ್ ಆಫ್ ಡೂಮ್’ ಇದೆ. ಅಮೆರಿಕದ ಸೈನಿಕ ನೆಲೆಗಳಲ್ಲಿ ಕಾರ್ಯಕ್ರಮ ಕೊಟ್ಟಾಗ ಬ್ಯಾಂಡಿನವರು ವಿಯೆಟ್ನಾಂನಿಂದ ಬಂದ ಸೈನಿಕರ ಜೊತೆ ಮಾತಾಡಿದ್ದರು. ಅಲ್ಲಿ ಹೆರಾಯಿನ್‌ಗೆ ಬಿದ್ದವರ ಕತೆ ಕೇಳಿದ್ದರು. ಪತ್ರಿಕೆಗಳಲ್ಲಿ ಇನ್ನೂ ಅಷ್ಟಾಗಿ ಬರದಿದ್ದ ವಿಷಯವದು. ಇಲ್ಲಿ ವಿಯೆಟ್ನಾಂ, ನೇಪಾಮ್ ಅನ್ನುವ ಬೆಂಕಿ ಬಾಂಬು ಎರಡೂ ಹೆಸರು ಹೇಳಿಯೇ ಬರುತ್ತವೆ. ಮೊದಲು ಬಾಂಬು, ಆಮೇಲೆ ಭ್ರಮನಿರಸನ, ಆಮೇಲೆ ಸೂಜಿ. ಇಡೀ ಹಾಡು ಆ ಹುಡುಗನನ್ನೇ ‘ನೀನು’ ಎಂದು ಕರೆದು ಮಾತಾಡುತ್ತದೆ. ಬೈಯುತ್ತದೆ, ಹಿಂದೆಯೇ ಅಳುತ್ತದೆ. ಹಾಡು ಬಂದದ್ದು 1970ರ ಸೆಪ್ಟೆಂಬರ್. ಮಾದಕ ವ್ಯಸನವೇ ದೇಶದ ಮೊದಲ ಶತ್ರು ಎಂದು ಅಧ್ಯಕ್ಷ ನಿಕ್ಸನ್ ಸಾರಿದ್ದು 1971ರ ಜೂನಿನಲ್ಲಿ. ಆಸ್ಟನ್ನಿನ ಹುಡುಗರು ಒಂಬತ್ತು ತಿಂಗಳು ಮುಂದಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಅವರ ಮೊದಲ ರೆಕಾರ್ಡಿನ ಹಿಂಬದಿಯಲ್ಲಿ ‘ವಿಕೆಡ್ ವರ್ಲ್ಡ್’ ಸಿಗುತ್ತದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆರೇಳು ತಿಂಗಳೂ ಆಗಿರಲಿಲ್ಲ. ಚಂದ್ರನಿಗೆ ಸಲೀಸಾಗಿ ಜನ ಕಳಿಸುತ್ತಾರೆ, ಇಲ್ಲಿ ಭೂಮಿಯ ಮೇಲೆ ಜನ ಹಳೆಯ ರೋಗಗಳಿಗೇ ಸಾಯುತ್ತಿದ್ದಾರೆ ಎಂದು ಈ ಹಾಡು ಹೇಳುತ್ತದೆ. ಅದರಲ್ಲಿ ದಿನವೂ ಕೂಲಿಗೆ ಹೋಗುವ ಒಬ್ಬ ಹೆಂಗಸು ಬರುತ್ತಾಳೆ, ಅಳುತ್ತಾ ಕೂತ ಒಂದು ಮಗು ಬರುತ್ತದೆ. ಅವರಿಬ್ಬರೂ ಆಸ್ಟನ್ನಿನ ಬೀದಿಯಲ್ಲಿ ಕಂಡವರೇ ಇರಬೇಕು.

‘ಐರನ್ ಮ್ಯಾನ್’ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದರ ಗಿಟಾರ್ ಎಲ್ಲರಿಗೂ ಗೊತ್ತು. ಭವಿಷ್ಯಕ್ಕೆ ಹೋಗಿ ಲೋಕದ ನಾಶ ಕಂಡ ಒಬ್ಬ ಎಚ್ಚರಿಸಲು ಹಿಂದಿರುಗುತ್ತಾನೆ. ಬರುವ ದಾರಿಯಲ್ಲಿ ಮೈ ಉಕ್ಕಾಗಿಬಿಡುತ್ತದೆ, ಮಾತು ಹೋಗುತ್ತದೆ. ಜನ ತಿರುಗಿಯೂ ನೋಡುವುದಿಲ್ಲ. ಕೊನೆಗೆ ಸಿಟ್ಟಿಗೆದ್ದು ತಾನು ಕಂಡಿದ್ದ ನಾಶವನ್ನು ತಾನೇ ತರುತ್ತಾನೆ. ಕಡೆಗಣಿಸಿದ ಮನುಷ್ಯ ಏನಾಗುತ್ತಾನೆ ಎಂಬುದರ ಬಗ್ಗೆ ಇಷ್ಟು ನೇರವಾದ ಕತೆ ರಾಕ್ ಸಂಗೀತದಲ್ಲಿ ನಾನು ಬೇರೆ ಕೇಳಿಲ್ಲ.

1971ರ ‘ಚಿಲ್ಡ್ರನ್ ಆಫ್ ದಿ ಗ್ರೇವ್’ ಹೆಸರು ಕೇಳಿ ದೆವ್ವದ ಹಾಡು ಅಂದುಕೊಂಡವರು ಎಷ್ಟೋ ಮಂದಿ. ಅದು ಅಣುಬಾಂಬಿನ ನೆರಳಲ್ಲಿ ಹುಟ್ಟಿದ ಮಕ್ಕಳ ಮೆರವಣಿಗೆಯ ಹಾಡು. ಈ ಭಯದಲ್ಲೇ ಬದುಕಬೇಕಾ ಎಂದು ಮಕ್ಕಳು ಕೇಳುತ್ತಾರೆ. ಪ್ರೀತಿ ಇನ್ನೂ ಬದುಕಿದೆ ಎಂದು ಧೈರ್ಯವಾಗಿ ತೋರಿಸಿ, ಇಲ್ಲದಿದ್ದರೆ ನೀವು ಗೋರಿಯ ಮಕ್ಕಳಾಗುತ್ತೀರಿ ಅನ್ನುತ್ತದೆ ಹಾಡು. ಕ್ಯಾಲಿಫೋರ್ನಿಯಾದಲ್ಲಿ ತಲೆಗೆ ಹೂ ಮುಡಿದು ಹಾಡುತ್ತಿದ್ದವರು ಹೇಳಿದ್ದೂ ಇದನ್ನೇ ಅಲ್ವಾ? ಆದರೆ ಇವರ ದನಿಯಲ್ಲಿ ಪ್ರೀತಿ ಸುಲಭದ ಮಾತಾಗಿ ಬರುವುದಿಲ್ಲ. ಕುದುರೆ ಓಡಿದಂಥ ಲಯ, ಹೊಗೆಯಂಥ ಗಿಟಾರ್. ಅದರೊಳಗಿಂದ ಪ್ರೀತಿಯ ಮಾತು ಕಷ್ಟಪಟ್ಟು ಹೊರಬರುತ್ತದೆ. ಅದಕ್ಕೇ ನಾನು ಅದನ್ನು ನಂಬುತ್ತೇನೆ.

ಇಷ್ಟೆಲ್ಲ ಇದ್ದರೂ ಯಾಕೆ ಯಾರೂ ಗಮನಿಸಲಿಲ್ಲ? ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಮೊದಲ ಆಲ್ಬಂಗೆ ಬಂದ ವಿಮರ್ಶೆ, ಇವರು ಕ್ರೀಮ್ ಬ್ಯಾಂಡಿನ ಕಳಪೆ ನಕಲು ಅನ್ನುವ ಧಾಟಿಯಲ್ಲಿತ್ತು. ಉಳಿದವರೂ ಮೂಗು ಮುರಿದರು. ಪ್ರತಿಭಟನೆಯ ಹಾಡು ಅಂದರೆ ಹೀಗಿರಬೇಕು ಅನ್ನುವ ಒಂದು ಅಚ್ಚು ಆಗ ಸಿದ್ಧವಾಗಿತ್ತು. ಮರದ ಗಿಟಾರ್, ಮೆಲುದನಿ, ಓದಿಕೊಂಡವರ ಮಾತು. ಫ್ಯಾಕ್ಟರಿಯಿಂದ ಬಂದ, ಬರ್ಮಿಂಗ್‌ಹ್ಯಾಮಿನ ಒರಟು ಉಚ್ಚಾರಣೆಯ ಹುಡುಗರು ಸದ್ದು ಮಾಡಬಹುದು, ಯೋಚನೆ ಮಾಡಲಾರರು ಎಂದು ವಿಮರ್ಶಕರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು ಅಂತ ನನಗನ್ನಿಸುತ್ತದೆ. ಇನ್ನೊಂದು ಕಡೆ ಧರ್ಮದ ಹೆಸರಿನಲ್ಲಿ ಮಾತಾಡುವವರು ಬ್ಯಾಂಡಿನ ಹೆಸರು ನೋಡಿಯೇ ಬಾಗಿಲು ಹಾಕಿಕೊಂಡರು. ‘ಆಫ್ಟರ್ ಫಾರೆವರ್’ ಎಂಬ ಹಾಡು ಸತ್ತ ಮೇಲೆ ಆತ್ಮದ ಗತಿ ಏನು ಎಂದು ಕೇಳುತ್ತದೆ, ದೇವರನ್ನು ನಂಬುತ್ತೇನೆ ಎನ್ನಲು ಗೆಳೆಯರ ಮುಂದೆ ನಾಚಿಕೆಯೇ ಎಂದು ಚುಚ್ಚುತ್ತದೆ. ಅದನ್ನು ಅವರು ಕೇಳಲೇ ಇಲ್ಲ.

ಓಜಿಯ ದನಿಯೂ ಒಂದು ಕಾರಣ ಇರಬಹುದು. ಅದು ದೊಡ್ಡ ಗಾಯಕನ ದನಿ ಅಲ್ಲ. ತೆಳು, ಎತ್ತರ, ಸ್ವಲ್ಪ ಅಳುಬುರುಕು. ಗಿಟಾರ್ ಹೋದ ದಾರಿಯಲ್ಲೇ ಹೋಗುತ್ತದೆ. ಗೀಜರ್ ಬರೆದ ತೀರ್ಪಿನ ಮಾತುಗಳನ್ನು ಗಂಭೀರ ಗಂಟಲಿನವನು ಹಾಡಿದ್ದರೆ ಅವು ಉಪದೇಶ ಆಗುತ್ತಿದ್ದವು. ಓಜಿ ಹಾಡಿದಾಗ ಅವು ಕಣ್ಣಾರೆ ಏನೋ ಕಂಡು ಹೆದರಿ ಓಡಿಬಂದವನ ಮಾತಿನಂತಿವೆ.

ಇವರು ಸಂತರೇನಲ್ಲ. ‘ಚಿಲ್ಡ್ರನ್ ಆಫ್ ದಿ ಗ್ರೇವ್’ ಇರುವ ಆಲ್ಬಂ ಶುರುವಾಗುವುದೇ ಗಾಂಜಾ ಹೊಗಳುವ ಹಾಡಿನಿಂದ. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಮುಂದಿನ ಆಲ್ಬಂಗೆ ಕೊಕೇನ್ ನೆನಪಿಸುವ ಹೆಸರಿಡಲು ಹೊರಟಿದ್ದರು, ಕಂಪನಿ ಒಪ್ಪಲಿಲ್ಲ. ಆಗ ರೆಕಾರ್ಡಿಂಗ್‌ಗಿಂತ ಕೊಕೇನ್‌ಗೇ ಜಾಸ್ತಿ ಖರ್ಚಾಯಿತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. 1979ರಲ್ಲಿ ಕುಡಿತ, ಮಾದಕ ವಸ್ತುಗಳಲ್ಲಿ ಮುಳುಗಿದ್ದ ಓಜಿಯನ್ನು ಬ್ಯಾಂಡಿನಿಂದ ತೆಗೆದುಹಾಕಿದರು. ಸೂಜಿ ಚುಚ್ಚಿಕೊಂಡ ಸೈನಿಕನಿಗಾಗಿ ಮರುಗಿ ಹಾಡಿದವರೇ ಎರಡು ವರ್ಷದಲ್ಲಿ ಅಂಥದ್ದೇ ಗುಂಡಿಗೆ ಬಿದ್ದರು. ಹಾಗೆಂದು ಹಳೆಯ ಹಾಡು ಸುಳ್ಳಾಗುವುದಿಲ್ಲ. ಈಗ ‘ಹ್ಯಾಂಡ್ ಆಫ್ ಡೂಮ್’ ಕೇಳಿದರೆ ಅಲ್ಲಿನ ‘ನೀನು’ ಹಾಡುವವನ ಕಡೆಗೂ ತಿರುಗಿದಂತೆ ಕೇಳುತ್ತದೆ. ಕೇಳುವುದು ಇನ್ನಷ್ಟು ಕಷ್ಟವಾಗುತ್ತದೆ.

2025ರ ಜುಲೈ 5ರಂದು ಆ ನಾಲ್ವರೂ 20 ವರ್ಷಗಳ ನಂತರ ಮತ್ತೆ ಒಂದೇ ವೇದಿಕೆ ಹತ್ತಿದರು. ಜಾಗ ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನ. ಓಜಿ ಬೆಳೆದ ಲಾಡ್ಜ್ ರಸ್ತೆಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವನಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು, ನಿಲ್ಲಲು ಆಗುತ್ತಿರಲಿಲ್ಲ. ಕಪ್ಪು ಸಿಂಹಾಸನದ ಮೇಲೆ ಕೂತೇ ಹಾಡಿದ. ಕಾರ್ಯಕ್ರಮದ ದುಡ್ಡು ಪಾರ್ಕಿನ್ಸನ್ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ, ಸಾವಿನ ಹತ್ತಿರ ಇರುವ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗೆ ಎಂದು ಮೊದಲೇ ಹೇಳಿದ್ದರು. ಉಕ್ರೇನ್‌ನಲ್ಲಿ, ಗಾಜಾದಲ್ಲಿ ಆ ದಿನವೂ ಬಾಂಬ್ ಬೀಳುತ್ತಿತ್ತು.

ಅವರು ಮೊದಲು ಹಾಡಿದ್ದು ‘ವಾರ್ ಪಿಗ್ಸ್’. ಸೈರನ್ ಕೂಗಿತು. ಗಿಟಾರ್ ನಿಂತ ಜಾಗದಲ್ಲಿ, ಆ ಟಿಕ್ ಟಿಕ್ ತಾಳದ ಮೇಲೆ, ಇಡೀ ಮೈದಾನ ಓಜಿಯ ಜೊತೆ ದನಿಗೂಡಿಸಿತು. ಹದಿನೇಳು ದಿನ ಕಳೆದು, ಜುಲೈ 22ರಂದು ಓಜಿ ತೀರಿಕೊಂಡ. ಚಿಕ್ಕವನಿದ್ದಾಗ ಅವನು ಪಂದ್ಯದ ದಿನ ಇದೇ ಮೈದಾನದ ಸುತ್ತ ನಿಲ್ಲಿಸಿದ ಕಾರುಗಳನ್ನು ಕಾದು ಚಿಲ್ಲರೆ ಕಾಸು ಗಳಿಸುತ್ತಿದ್ದ.